ನಾನು ಕೊಟ್ಟ ತಪ್ಪು ಸಲಹೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದಿನಪತ್ರಿಕೆ ಹಿಡಿದು ಜಗಲಿಯ ಮೇಲೆ ಕುಳಿತಿದ್ದೆ. ನನ್ನ ಹಳೆಯ ಶಿಷ್ಯನೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಕೈಯಲ್ಲಿ ಅವನದೇ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಪೊಟ್ಟಣವಿತ್ತು. ಕುಶಲ ಸಮಾಚಾರ ಮುಗಿದು ಕಾಫಿಯೂ ಆದ ಮೇಲೆ ಅವನು ಬಂದ ಕಾರಣವನ್ನು ಹೇಳಿದ. ಮಗಳು ಬಿ.ಕಾಂ. ಮುಗಿಸಿದ್ದಾಳೆ. ರಾಗಿ, ನವಣೆಗಳ ಬಿಸ್ಕತ್ತು ಮಾಡಿ ತನ್ನದೇ ಹೆಸರಿನಲ್ಲಿ ಮಾರಬೇಕೆಂಬ ಆಸೆ ಅವಳಿಗೆ. "ಸಾರ್, ಹೊಸದಾಗಿ ಶುರು ಮಾಡ್ತಿದ್ದಾಳೆ. ನೀವು ನಾಲ್ಕು ಮಾತು ಹೇಳಬೇಕು" ಎಂದ.

ಓದುಗ ಮಿತ್ರರೇ, ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ನಾಲ್ಕು ಮಾತು ಹೇಳುವುದು ಕಷ್ಟದ ಕೆಲಸವಲ್ಲ. ನಲವತ್ತು ಬೇಕಾದರೂ ಹೇಳಬಲ್ಲೆ. ಆದರೆ ಅಂದು ನನ್ನ ಬಾಯಿಂದ ಮಾತು ಹೊರಡಲಿಲ್ಲ. ಏಕೆಂದರೆ ಇದೇ ಮನುಷ್ಯ 1997ರಲ್ಲಿ ಇದೇ ಜಗಲಿಯ ಮೇಲೆ ಕುಳಿತು ಇದೇ ಮಾತನ್ನು ಕೇಳಿದ್ದ. ಅಂದು ನಾನು ಧಾರಾಳವಾಗಿ ಸಲಹೆ ಕೊಟ್ಟಿದ್ದೆ. ಅದನ್ನು ಅಕ್ಷರಶಃ ಪಾಲಿಸಿ ಅವನು ಹದಿನೈದು ತಿಂಗಳಲ್ಲಿ ಅಂಗಡಿ ಮುಚ್ಚಿದ್ದ.

ಈ ಸಂಗತಿಯನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಶಿಷ್ಯರ ಯಶಸ್ಸಿನ ಕತೆಗಳನ್ನು ಬರೆಯುವಾಗ ಮೇಷ್ಟರುಗಳಾದ ನಮ್ಮ ಲೇಖನಿ ತಾನಾಗಿ ಓಡುತ್ತದೆ. ನಮ್ಮ ಮಾತಿನಿಂದ ಕೆಟ್ಟವರ ಕತೆ ಬಂದಾಗ ಮಸಿ ಆರುತ್ತದೆ. ಅವನ ಅನುಮತಿ ಪಡೆದೇ ಈಗ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾನೆ, ಆದ್ದರಿಂದ 'ಶಿಷ್ಯ' ಎಂದೇ ಕರೆಯುತ್ತೇನೆ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬೇಕರಿಗೂ ನಮ್ಮ ಜಿಲ್ಲೆಗೂ ಇರುವ ನಂಟು ಎಲ್ಲರಿಗೂ ಗೊತ್ತಿರುವಂಥದು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಎಚ್. ಎಸ್. ತಿರುಮಲಾಚಾರ್ ಅವರು ಬೇಕರಿ ತೆರೆದ ಮೇಲೆ, ಈ ಕಡೆಯ ಹಳ್ಳಿಗಳಿಂದ ಎಷ್ಟೋ ಮಂದಿ ಆ ಕಸುಬನ್ನು ಕಲಿತು ಊರೂರುಗಳಲ್ಲಿ ಅಯ್ಯಂಗಾರ್ ಬೇಕರಿಗಳನ್ನು ತೆರೆದರು. ನನ್ನ ಶಿಷ್ಯನೂ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಓದಲು ಅನುಕೂಲವಿಲ್ಲದೆ, ಬೆಂಗಳೂರಿನ ಅಂಥದೊಂದು ಬೇಕರಿಗೆ ಕೆಲಸಕ್ಕೆ ಸೇರಿದ. ಎಂಟು ವರ್ಷ ಹಿಟ್ಟು ನಾದಿ, ಭಟ್ಟಿಯ ಮುಂದೆ ನಿಂತು ಕೆಲಸ ಕಲಿತ. 1997ರಲ್ಲಿ 55 ಸಾವಿರ ರೂಪಾಯಿ ಉಳಿತಾಯದೊಡನೆ ಊರಿಗೆ ಬಂದು, ಸ್ವಂತ ಬೇಕರಿ ಇಡುವ ಯೋಚನೆಯನ್ನು ನನ್ನ ಮುಂದೆ ಇಟ್ಟ.

ಅವನ ಯೋಜನೆ ಹೀಗಿತ್ತು. ಸಂತೆ ಮೈದಾನದ ಬದಿಯಲ್ಲಿ ಒಂದು ಸಣ್ಣ ಕೋಣೆ. ಬಾಡಿಗೆ 500 ರೂಪಾಯಿ, ಮುಂಗಡ 5,000. ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ತು, ದಿಲ್‌ಪಸಂದ್ ಎಂದು ನಾಲ್ಕೇ ಬಗೆ. ಬ್ಯಾಂಕಿನ ಸಾಲ ಬೇಡ. ಉದ್ದರಿ ಇಲ್ಲ.

ನಾನು ನಾಲ್ಕನ್ನೂ ತಿರುಗಿಸಿ ಹಾಕಿದೆ.

"ಸಂತೆ ಮೈದಾನದ ಮೂಲೆಯಲ್ಲಿ ಯಾರು ಬರುತ್ತಾರಯ್ಯಾ? ಬಸ್ ನಿಲ್ದಾಣದ ಎದುರು ಹಿಡಿ. ಜನವಿದ್ದಲ್ಲಿ ವ್ಯಾಪಾರ" ಎಂದೆ. ಅಲ್ಲಿ ಬಾಡಿಗೆ 2,400, ಮುಂಗಡ 40 ಸಾವಿರ. "ನಾಲ್ಕು ಬಗೆ ಇಟ್ಟರೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ, ಗಾಜಿನ ಕಪಾಟು ತುಂಬಿರಬೇಕು" ಎಂದೆ. "ಸರ್ಕಾರವೇ ಸಾಲ ಕೊಡುವಾಗ ಸ್ವಂತ ದುಡ್ಡು ಏಕೆ ಸುರಿಯುತ್ತೀ?" ಎಂದು, 1993ರಲ್ಲಿ ಆರಂಭವಾಗಿದ್ದ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆಯಲ್ಲಿ 75 ಸಾವಿರ ಸಾಲಕ್ಕೆ ಅರ್ಜಿಯನ್ನು ನಾನೇ ಬರೆದುಕೊಟ್ಟೆ. "ಊರಿನಲ್ಲಿ ಪರಿಚಯದವರಿಗೆ ಉದ್ದರಿ ಇಲ್ಲವೆಂದರೆ ಹೇಗೆ? ವಿಶ್ವಾಸದಿಂದಲೇ ವ್ಯಾಪಾರ ಬೆಳೆಯುವುದು" ಎಂದೂ ಸೇರಿಸಿದೆ.

ಈ ಮಾತುಗಳಲ್ಲಿ ಒಂದಾದರೂ ಕೇಳಲು ಮೂರ್ಖತನದಂತೆ ತೋರುತ್ತದೆಯೇ? ಇಲ್ಲ. ಅದೇ ಅವುಗಳ ಅಪಾಯ. ತಪ್ಪು ಸಲಹೆ ತಪ್ಪು ಸಲಹೆಯ ವೇಷದಲ್ಲಿ ಬರುವುದಿಲ್ಲ. ಗಾದೆಯ ಹಾಗೆ, ಅನುಭವದ ಹಾಗೆ, ಪ್ರೀತಿಯ ಹಾಗೆ ಬರುತ್ತದೆ. ನನಗೆ ಅವನ ಮೇಲೆ ನಿಜವಾದ ಪ್ರೀತಿಯಿತ್ತು. ಅದರೊಳಗೆ ಇನ್ನೊಂದು ಸಂಗತಿಯೂ ಅಡಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಶಿಷ್ಯನ ಅಂಗಡಿ ಬಸ್ ನಿಲ್ದಾಣದ ಎದುರು, ಎಲ್ಲರಿಗೂ ಕಾಣುವಂತೆ, ಥಳಥಳಿಸುತ್ತಿರಬೇಕು ಎಂಬ ಆಸೆ ನನ್ನದಾಗಿತ್ತು. ಆ ಆಸೆಯ ಬಾಡಿಗೆಯನ್ನು ಕಟ್ಟಬೇಕಾದವನು ಮಾತ್ರ ಅವನು.

ಆ ವರ್ಷದ ವಿಜಯದಶಮಿಯಂದು ಬೇಕರಿ ಆರಂಭವಾಯಿತು. ನಾನೇ ದೀಪ ಹಚ್ಚಿದೆ.

ಈಗ ಒಂದು ವಿಷಯ ಹೇಳಬೇಕು. ನಾನು ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದುದು ಗಣಿತ. ಲಾಭ-ನಷ್ಟದ ಅಧ್ಯಾಯವನ್ನು ಪುಸ್ತಕವಿಲ್ಲದೆ ಕಲಿಸುತ್ತಿದ್ದೆ. "ಒಬ್ಬ ವ್ಯಾಪಾರಿಯು 80 ರೂಪಾಯಿಗೆ ಕೊಂಡ ವಸ್ತುವನ್ನು 100 ರೂಪಾಯಿಗೆ ಮಾರಿದರೆ ಶೇಕಡಾ ಲಾಭವೆಷ್ಟು?" ಎಂದು ಕೇಳಿದರೆ, ಹಿಂದಿನ ಬೆಂಚಿನ ಹುಡುಗನೂ "ಇಪ್ಪತ್ತೈದು ಸಾರ್" ಎನ್ನುತ್ತಿದ್ದ. ನಾನು "ಶಹಭಾಸ್" ಎನ್ನುತ್ತಿದ್ದೆ. ಆ ವ್ಯಾಪಾರಿಯ ಬಳಿ ಹತ್ತು ವಸ್ತುಗಳಿದ್ದು, ಅವುಗಳಲ್ಲಿ ಎರಡು ಮಾರಾಟವಾಗದೆ ಹಾಳಾದರೆ ಏನಾಗುತ್ತದೆಂದು ನಾನು ಒಮ್ಮೆಯೂ ಕೇಳಲಿಲ್ಲ. ಹತ್ತು ವಸ್ತುಗಳಿಗೆ ಕೊಟ್ಟದ್ದು 800. ಎಂಟನ್ನು ಮಾರಿ ಬಂದದ್ದು 800. ಶೇಕಡಾ ಇಪ್ಪತ್ತೈದರ ಲಾಭ ಹತ್ತರಲ್ಲಿ ಎರಡು ಉಳಿದ ಮಾತ್ರಕ್ಕೆ ಸೊನ್ನೆ! ನಮ್ಮ ಪಠ್ಯಪುಸ್ತಕದ ವ್ಯಾಪಾರಿಗೆ ಬಾಡಿಗೆಯಿಲ್ಲ, ಉದ್ದರಿಯಿಲ್ಲ, ಹಳಸುವ ಸರಕಿಲ್ಲ. ಅವನ ವಸ್ತುಗಳೆಲ್ಲವೂ ಅದೇ ದಿನ, ನಗದಿಗೇ ಮಾರಾಟವಾಗುತ್ತವೆ. ಅಂಥ ವ್ಯಾಪಾರಿಯನ್ನು ನನ್ನ ಜೀವಮಾನದಲ್ಲಿ ನಾನು ಕಂಡಿಲ್ಲ. ಆದರೂ ಶಿಷ್ಯನಿಗೆ ಸಲಹೆ ಕೊಡುವಾಗ ನನ್ನ ತಲೆಯಲ್ಲಿದ್ದವನು ಅವನೇ.

ಅಂಗಡಿಯ ನಿಜವಾದ ಲೆಕ್ಕ ಬೇರೆಯಾಗಿತ್ತು. ಶಿಷ್ಯ ತನ್ನ ಹಳೆಯ ನೋಟ್‌ಬುಕ್ಕನ್ನು ಇಂದಿಗೂ ಇಟ್ಟುಕೊಂಡಿದ್ದಾನೆ, ಅದರಿಂದಲೇ ಹೇಳುತ್ತೇನೆ. ಕಪಾಟು ತುಂಬಿರಬೇಕಲ್ಲ, ಅದಕ್ಕಾಗಿ ದಿನಕ್ಕೆ 1,250 ರೂಪಾಯಿ ಬೆಲೆಯ ತಿನಿಸು ಸುಡುತ್ತಿದ್ದ. ಮಾರಾಟವಾಗುತ್ತಿದ್ದುದು ಸರಾಸರಿ 1,000 ರೂಪಾಯಿಯದು. ಮೈದಾ, ಸಕ್ಕರೆ, ಡಾಲ್ಡಾ, ಯೀಸ್ಟುಗಳಿಗೆ 625. ಉಳಿದದ್ದು 375. ಅದರಲ್ಲಿ ಬಾಡಿಗೆಗೆ ದಿನದ ಲೆಕ್ಕದಲ್ಲಿ 80, ಇಬ್ಬರು ಕೆಲಸದವರಿಗೆ 120, ಸೌದೆ ಮತ್ತು ವಿದ್ಯುತ್ತಿಗೆ 75, ಬ್ಯಾಂಕಿನ ಕಂತಿಗೆ 60. ಎಲ್ಲ ಕಳೆದರೆ 40 ರೂಪಾಯಿ. ಇನ್ನು ಉದ್ದರಿ. ದಿನಕ್ಕೆ ನೂರು ರೂಪಾಯಿಯ ಉದ್ದರಿಯಲ್ಲಿ ಅರ್ಧ ಹಿಂದಿರುಗುತ್ತಿರಲಿಲ್ಲ. ಅಲ್ಲಿಗೆ ದಿನಕ್ಕೆ ಹತ್ತು ರೂಪಾಯಿ ಕೈಯಿಂದ ಹೋಯಿತು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ದುಡಿದ ಅವನ ಕೂಲಿ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ನನಗೂ ತಿಳಿದಿತ್ತು. ಆದರೆ ಉದ್ದರಿ ಕೊಡೆಂದು ಹೇಳಿದಾಗ ಅದು ನೆನಪಿಗೆ ಬರಲಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ ಸಂಗತಿ ಬಹಳ ವರ್ಷಗಳ ಮೇಲೆ ತಿಳಿಯಿತು. ಶಿಷ್ಯ ಸಂತೆ ಮೈದಾನದ ಕೋಣೆಯನ್ನು ಬರಿಯ ಬಾಡಿಗೆ ಕಡಿಮೆಯೆಂದು ಆರಿಸಿರಲಿಲ್ಲ. ಆ ಕಾಲದಲ್ಲಿ ನಮ್ಮಂಥ ಊರುಗಳಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದವರು ಯಾರು? ಮನೆಯಲ್ಲಿ ಜ್ವರ ಬಂದವರಿದ್ದರೆ, ಇಲ್ಲವೇ ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋಗುವುದಿದ್ದರೆ ಬ್ರೆಡ್ಡು ಕೊಳ್ಳುತ್ತಿದ್ದರು. ಸರ್ಕಾರಿ ಆಸ್ಪತ್ರೆ ಇದ್ದುದು ಸಂತೆ ಮೈದಾನದ ಹಿಂದೆ. ಬನ್ನು ಕೊಳ್ಳುತ್ತಿದ್ದವರು ಶಾಲೆಯ ಮಕ್ಕಳು. ನಮ್ಮ ಶಾಲೆಗೆ ಹೋಗುವ ದಾರಿ ಅದೇ. ವಾರಕ್ಕೊಮ್ಮೆ ಸಂತೆ. ಅವನು ಮೂರು ದಿನ ಅಲ್ಲಿ ನಿಂತು ಜನರನ್ನು ಎಣಿಸಿ ಬಂದಿದ್ದ! ಬಸ್ ನಿಲ್ದಾಣದಲ್ಲಿ ಜನವಿತ್ತು, ನಿಜ. ಆದರೆ ಬಸ್ಸಿನಿಂದ ಇಳಿದವರು ಮನೆಗೆ ಓಡುತ್ತಿದ್ದರು. ಹತ್ತುವವರು ಕಡಲೆಕಾಯಿ, ಬಾಳೆಹಣ್ಣು ಕೊಂಡು ಕಿಟಕಿಯ ಪಕ್ಕದ ಸೀಟು ಹಿಡಿಯುತ್ತಿದ್ದರು. ಬೆಂಗಳೂರಿನಲ್ಲಿ ನಿಂತಲ್ಲೇ ಚಹಾದೊಡನೆ ಖಾರಾ ಬನ್ನು ತಿನ್ನುವ ಜನರನ್ನು ನೋಡಿ ನಾನು ಮಾತನಾಡಿದ್ದೆ. ನನ್ನ ಸಲಹೆ ಬೆಂಗಳೂರಿನ ಪ್ರಶ್ನೆಗೆ ಸರಿಯಾದ ಉತ್ತರವಾಗಿದ್ದಿರಬಹುದು. ಅವನು ಕೇಳಿದ್ದು ನಮ್ಮ ಊರಿನ ಪ್ರಶ್ನೆ.

"ಇಷ್ಟೆಲ್ಲ ಗೊತ್ತಿದ್ದರೆ ಅಂದೇ ಏಕೆ ಹೇಳಲಿಲ್ಲ?" ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಒಂದೇ ಮಾತಿನದು: "ನೀವು ಮೇಷ್ಟ್ರು ಸಾರ್."

ಅಂಗಡಿ ಮುಚ್ಚಿದ್ದು 1999ರ ಜನವರಿಯಲ್ಲಿ. ಆಗ ನಾನು ಮಾಡಿದ ಒಂದು ಕೆಲಸವನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ಯಾರಾದರೂ ಕೇಳಿದರೆ, "ಒಳ್ಳೆಯ ಹುಡುಗ, ಆದರೆ ವ್ಯಾಪಾರಕ್ಕೆ ಬೇಕಾದ ಚುರುಕು ಸಾಲದು" ಎನ್ನುತ್ತಿದ್ದೆ. ಸಲಹೆ ಫಲಿಸಿದರೆ ಸಲಹೆಗಾರನ ಜಾಣತನ, ಫಲಿಸದಿದ್ದರೆ ಕೇಳಿದವನ ಸೋಮಾರಿತನ: ಈ ಲೆಕ್ಕದಲ್ಲಿ ಸಲಹೆಗಾರನಿಗೆ ನಷ್ಟವೇ ಇಲ್ಲ. ಪಠ್ಯಪುಸ್ತಕದ ವ್ಯಾಪಾರಿಯಂತೆ ಅವನೂ ಸದಾ ಲಾಭದಲ್ಲಿರುತ್ತಾನೆ.

ಶಿಷ್ಯ ಮತ್ತೆ ಬೆಂಗಳೂರಿಗೆ ಹೋಗಿ ಕೂಲಿಗೆ ನಿಂತ. ಬ್ಯಾಂಕಿನ ಸಾಲವನ್ನು ಬಡ್ಡಿಸಮೇತ ತೀರಿಸಿದ. ನಾಲ್ಕು ವರ್ಷ ನಮ್ಮ ಮನೆಯ ಕಡೆ ಸುಳಿಯಲಿಲ್ಲ. 2003ರಲ್ಲಿ ಊರಿಗೆ ಮರಳಿ ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿಯೇ ಭಟ್ಟಿ ಹಾಕಿದ. ಈ ಸಲ ಬ್ರೆಡ್ಡು, ಬನ್ನು, ರಸ್ಕು ಎಂದು ಮೂರೇ ಬಗೆ. ಸೈಕಲ್ಲಿನಲ್ಲಿ ಚಹಾದಂಗಡಿಗಳಿಗೂ ಆಸ್ಪತ್ರೆಯ ಎದುರಿನ ಗೂಡಂಗಡಿಗೂ ತಾನೇ ಒಯ್ದು ಕೊಡುತ್ತಿದ್ದ. ನಿಯಮ ಒಂದೇ: ನಿನ್ನೆಯ ದುಡ್ಡು ಕೊಟ್ಟರೆ ಇಂದಿನ ಸರಕು. ಇಂದು ಅವನದು ಊರಿನಲ್ಲಿ ಹೆಸರಾದ ಬೇಕರಿ. ಸಂತೆ ಮೈದಾನದ ಬದಿಯಲ್ಲಿಯೇ ಇದೆ.

ಈ ಕತೆಯಿಂದ ಕಲಿಯಬೇಕಾದ ಪಾಠವೇನು? 'ಯಾರ ಮಾತನ್ನೂ ಕೇಳಬೇಡ, ನಿನ್ನ ಮನಸ್ಸಿಗೆ ಬಂದಂತೆ ಮಾಡು' ಎಂದು ಅನೇಕರು ಹೇಳುತ್ತಾರೆ. ಅದೂ ಒಂದು ತಪ್ಪು ಸಲಹೆಯೇ ಎಂಬುದು ನನ್ನ ಅಭಿಪ್ರಾಯ. ಶಿಷ್ಯನೇ ಇದಕ್ಕೆ ಸಾಕ್ಷಿ. ಅಂಗಡಿ ನಷ್ಟದಲ್ಲಿದ್ದ ದಿನಗಳಲ್ಲಿ, ಬೆಂಗಳೂರಿನಲ್ಲಿ ಅವನೊಡನೆ ಭಟ್ಟಿಯ ಮುಂದೆ ದುಡಿದಿದ್ದ ಹಿರಿಯ ಕೆಲಸಗಾರನೊಬ್ಬ ಬಂದು, "ಉಳಿದ ಬ್ರೆಡ್ಡನ್ನು ಎಸೆಯಬೇಡವೋ, ಹೋಳು ಮಾಡಿ ಮತ್ತೆ ಸುಟ್ಟು ರಸ್ಕು ಮಾಡು, ವಾರಗಟ್ಟಲೆ ಇರುತ್ತೆ" ಎಂದಿದ್ದನಂತೆ. ಅಷ್ಟು ಹೊತ್ತಿಗೆ ಶಿಷ್ಯನಿಗೆ ಸಲಹೆಯೆಂದರೇ ಬೇಸರ ಹುಟ್ಟಿತ್ತು. "ಇನ್ನು ಯಾರ ಮಾತೂ ಬೇಡ" ಎಂದು ಅದನ್ನು ತಳ್ಳಿಹಾಕಿದ. ಅವನಿಗೆ ಸಿಕ್ಕ ಸಲಹೆಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ಅದೇ. ಮಾರಾಟವಾಗದ ಐದನೆಯ ಒಂದು ಭಾಗದಲ್ಲಿ ಅರ್ಧವಾದರೂ ಉಳಿಯುತ್ತಿತ್ತು. ನನ್ನ ತಪ್ಪು ಸಲಹೆಯನ್ನು ಒಪ್ಪಿ ಒಮ್ಮೆ ಕೆಟ್ಟ. ಅವನ ಸರಿಯಾದ ಸಲಹೆಯನ್ನು ಬಿಟ್ಟು ಇನ್ನೊಮ್ಮೆ ಕೆಟ್ಟ.

ಒಳ್ಳೆಯ ಸಲಹೆಯಿಂದ ಬೆಳೆದ ಉದ್ಯಮಗಳು ನಮ್ಮ ದೇಶದಲ್ಲಿ ಇಲ್ಲದಿಲ್ಲ. ಲಿಜ್ಜತ್ ಹಪ್ಪಳದ ಕತೆ ಬಹುಮಂದಿಗೆ ತಿಳಿದಿದೆ. ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 1959ರ ಮಾರ್ಚ್ 15ರಂದು 80 ರೂಪಾಯಿ ಸಾಲದ ಹಣದಿಂದ ಹಪ್ಪಳ ಒತ್ತಲು ಆರಂಭಿಸಿದರು. ಮೊದಲಲ್ಲಿ ಉತ್ತಮ ದರ್ಜೆಯದೊಂದು, ಕಡಿಮೆ ಬೆಲೆಗೆ ಮಾರಲು ಕೀಳು ದರ್ಜೆಯದೊಂದು ಎಂದು ಎರಡು ಬಗೆ ಮಾಡುತ್ತಿದ್ದರು. ಅವರಿಗೆ ಮಾರ್ಗದರ್ಶಕರಾಗಿದ್ದ ಛಗನ್‌ಬಾಪಾ ಎಂಬ ಹಿರಿಯರು, ಒಂದೇ ಗುಣಮಟ್ಟದ ಹಪ್ಪಳ ಮಾಡಿ, ಗುಣದಲ್ಲಿ ರಾಜಿಯಾಗಬೇಡಿ, ಇದನ್ನು ಉದ್ಯಮವೆಂದೇ ತಿಳಿದು ಲೆಕ್ಕವನ್ನು ಸರಿಯಾಗಿ ಇಡಿ ಎಂದು ತಿಳಿಹೇಳಿದರು. ನಾನು 'ಇನ್ನಷ್ಟು ಬಗೆ ಮಾಡು' ಎಂದಿದ್ದೆ. ಅವರು 'ಒಂದನ್ನೇ ಚೆನ್ನಾಗಿ ಮಾಡಿ' ಎಂದರು. ನಾನು ಅಂಗಡಿಯ ಅಂದವನ್ನು ನೋಡಿದೆ. ಅವರು ಲೆಕ್ಕದ ಪುಸ್ತಕವನ್ನು ನೋಡಿದರು. ವ್ಯತ್ಯಾಸ ಇಷ್ಟೇ.

ಹಾಗಾದರೆ ಹೊಸಬನಿಗೆ ಸಲಹೆಯ ಸರಿತಪ್ಪು ಮೊದಲೇ ತಿಳಿಯುವುದು ಹೇಗೆ? ಶಿಷ್ಯ ಅಂದು ಜಗಲಿಯ ಮೇಲೆ ಕುಳಿತು ಹೇಳಿದ ಒಂದು ಮಾತಿನಲ್ಲಿ ಇದಕ್ಕೆ ಉತ್ತರವಿದೆ ಎಂದು ನನಗನ್ನಿಸುತ್ತದೆ. "ಸಾರ್, ನಿಮ್ಮ ಮಾತನ್ನ ನಾನು ಕೇಳಿದೆ. ಆದರೆ ನಿಮ್ಮನ್ನ ಕೇಳಲಿಲ್ಲ" ಎಂದ.

ಕನ್ನಡದಲ್ಲಿ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಮುಖಗಳಿವೆ. ಹೇಳಿದ್ದನ್ನು ಆಲಿಸಿ ಪಾಲಿಸುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ನಮ್ಮ ಶಾಲೆಗಳಲ್ಲಿ ನಾವು ಮೊದಲನೆಯದನ್ನು ಮಾತ್ರ ಕಲಿಸುತ್ತೇವೆ. 'ಹೇಳಿದ ಮಾತು ಕೇಳುವ ಹುಡುಗ' ಎಂಬುದು ನಮ್ಮಲ್ಲಿ ಪ್ರಶಂಸೆ. 'ಎದುರು ಕೇಳುವ ಹುಡುಗ' ಎಂಬುದು ದೂರು. ಹತ್ತು ವರ್ಷ ಹೀಗೆ ಬೆಳೆಸಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ನನ್ನ ಮಾತನ್ನು ಪ್ರಶ್ನಿಸದೆ ಒಪ್ಪಿದ್ದಕ್ಕೆ ಅವನನ್ನು ದೂರುವುದು ಯಾವ ನ್ಯಾಯ? ಎಂಟು ವರ್ಷ ಭಟ್ಟಿಯ ಮುಂದೆ ನಿಂತು ಗಳಿಸಿದ ಅವನದೇ ತಿಳಿವಳಿಕೆ ಅವನಿಗೆ ಹಿತ್ತಲ ಗಿಡವಾಯಿತು. ಹಿತ್ತಲ ಗಿಡ ಮದ್ದಲ್ಲವಲ್ಲ!

ಆದ್ದರಿಂದ, ಸಣ್ಣದೊಂದು ಉದ್ಯಮಕ್ಕೆ ಕೈಹಾಕುವ ಯುವಕ ಯುವತಿಯರು ಸಲಹೆಗಾರರನ್ನು ಎರಡನೆಯ ಅರ್ಥದಲ್ಲಿ 'ಕೇಳಬೇಕು' ಎಂಬುದು ನನ್ನ ವಾದ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ.

ಮೊದಲನೆಯದು, "ಈ ಕೆಲಸವನ್ನು ನೀವು ಸ್ವತಃ ಮಾಡಿದ್ದೀರಾ? ಯಾವಾಗ, ಯಾವ ಊರಿನಲ್ಲಿ?" ಮಾಡಿದವನ ಮಾತಿನಲ್ಲಿ ವಿವರಗಳಿರುತ್ತವೆ. ನೋಡಿದವನ ಮಾತಿನಲ್ಲಿ ಗಾದೆಗಳಿರುತ್ತವೆ. 'ಉಳಿದ ಬ್ರೆಡ್ಡನ್ನು ರಸ್ಕು ಮಾಡು' ಎಂಬುದು ವಿವರ. 'ಜನವಿದ್ದಲ್ಲಿ ವ್ಯಾಪಾರ' ಎಂಬುದು ಗಾದೆ.

ಎರಡನೆಯದು, "ನಿಮ್ಮ ಮಾತು ಸುಳ್ಳಾದರೆ ನಷ್ಟ ಯಾರಿಗೆ? ನಿಜವಾದರೆ ಲಾಭ ಯಾರಿಗೆ?" ಯಂತ್ರ ಮಾರುವವನು ದೊಡ್ಡ ಯಂತ್ರವನ್ನೇ ಕೊಳ್ಳೆನ್ನುತ್ತಾನೆ. ಕಮಿಷನ್ನಿನ ಮಧ್ಯವರ್ತಿ ದೊಡ್ಡ ಸಾಲವನ್ನೇ ತೆಗೆದುಕೊಳ್ಳೆನ್ನುತ್ತಾನೆ. ಸಣ್ಣ ಉದ್ಯಮಗಳಿಗಾಗಿ 2020ರ ಜುಲೈ 1ರಿಂದ ಜಾರಿಗೆ ಬಂದ 'ಉದ್ಯಮ್' ನೋಂದಣಿಗೆ ಸರ್ಕಾರ ಯಾವ ಶುಲ್ಕವನ್ನೂ ವಿಧಿಸುವುದಿಲ್ಲ. ಆದರೂ ಅದಕ್ಕಾಗಿ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಇವರೆಲ್ಲ ದುರುಳರೆಂದು ನಾನು ಹೇಳುತ್ತಿಲ್ಲ. ಅವರ ಲಾಭದ ದಿಕ್ಕು ಯಾವುದೆಂದು ತಿಳಿದುಕೊಂಡು ಮಾತನ್ನು ತೂಗಬೇಕು, ಅಷ್ಟೆ. ನನ್ನಂಥವರಿಗೆ ಹಣದ ಲಾಭವಿಲ್ಲದಿರಬಹುದು, ಹೆಮ್ಮೆಯ ಲಾಭವಿರುತ್ತದೆ. ಅದನ್ನೂ ತೂಗಬೇಕು.

ಮೂರನೆಯದು, "ಇದನ್ನು ಸಣ್ಣದಾಗಿ ಪರೀಕ್ಷಿಸಬಹುದೇ?" ಬಸ್ ನಿಲ್ದಾಣದ ಎದುರು 40 ಸಾವಿರ ಮುಂಗಡ ಕೊಡುವ ಮುನ್ನ, ಅಲ್ಲಿಯೇ ಒಂದು ತಳ್ಳುಗಾಡಿಯಲ್ಲಿ ಒಂದು ವಾರ ಬನ್ನು ಮಾರಿ ನೋಡಬಹುದಿತ್ತು. ಖರ್ಚು ಇನ್ನೂರು ಮುನ್ನೂರು ರೂಪಾಯಿ. ನನ್ನ ಸಲಹೆ ತಪ್ಪೆಂದು ಎಂಟೇ ದಿನದಲ್ಲಿ ತಿಳಿದುಬಿಡುತ್ತಿತ್ತು. ವಿಜ್ಞಾನದ ತರಗತಿಯಲ್ಲಿ ಪ್ರಯೋಗ ಮಾಡಿಸುವ ನಾವು, ಜೀವನದ ವಿಷಯ ಬಂದಾಗ ಪ್ರಯೋಗವನ್ನು ಬಿಟ್ಟು ಪ್ರವಚನಕ್ಕೆ ಇಳಿಯುತ್ತೇವೆ.

ನಾಲ್ಕನೆಯದು ಕಾನೂನಿಗೆ ಸಂಬಂಧಿಸಿದ್ದು: "ಇದು ನಿಯಮದಲ್ಲಿ ಎಲ್ಲಿದೆ?" ಉಳಿದ ವಿಷಯಗಳಲ್ಲಿ ಅನುಭವ ದೊಡ್ಡದು; ಇಲ್ಲಿ ಮಾತ್ರ ನೆರೆಯವನ ಅನುಭವ ಸಾಲದು. 'ಮನೆಯಲ್ಲಿ ಮಾಡುವ ತಿಂಡಿಗೆ ಯಾವ ಪರವಾನಗಿಯೂ ಬೇಡ' ಎಂದು ಹೇಳುವವರು ಎಲ್ಲೆಡೆ ಸಿಗುತ್ತಾರೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಮನೆಯ ಅಡುಗೆಮನೆಯಿಂದ ಮಾರುವವರೂ ನೋಂದಣಿ ಮಾಡಿಸಲೇಬೇಕು. 2025ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರೂ ಅವರಲ್ಲಿದ್ದರು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬ ನಿಯಮ ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. 40 ಲಕ್ಷವೆಂದರೆ ದೊಡ್ಡ ಮೊತ್ತವೆಂದು ತೋರುತ್ತದೆ; 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 11 ಸಾವಿರ. ನಡೆಯುವ ಅಂಗಡಿಗೆ ಅದೇನೂ ದೊಡ್ಡದಲ್ಲ. ಇದು ವಹಿವಾಟಿನ ಲೆಕ್ಕ, ಲಾಭದ ಲೆಕ್ಕವಲ್ಲ ಎಂಬುದೂ ಎಷ್ಟೋ ಮಂದಿಗೆ ಹೊಸ ವಿಷಯವಾಗಿತ್ತು. ಆಗ ಬೀದಿಬೀದಿಯಲ್ಲಿ ಹರಡಿದ ಸಲಹೆ ಏನು? 'ಕ್ಯೂಆರ್ ಕೋಡ್ ತೆಗೆದುಹಾಕು, ನಗದು ಮಾತ್ರ ಎಂದು ಬೋರ್ಡು ಹಾಕು.' ಹಣ ಯಾವ ದಾರಿಯಿಂದ ಬಂದರೂ ವಹಿವಾಟು ವಹಿವಾಟೇ ಎಂದು ಇಲಾಖೆ ಸ್ಪಷ್ಟಪಡಿಸಬೇಕಾಯಿತು. ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಬಿಸ್ಕತ್ತು, ಕೇಕುಗಳಿಗೆ ಶೇಕಡಾ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ಇಂಥ ಸಂಗತಿಗಳನ್ನು ಚಹಾದಂಗಡಿಯ ಬೆಂಚಿನಲ್ಲಿ ಕೇಳಿ ತಿಳಿಯುವುದಕ್ಕಿಂತ, ಬಲ್ಲ ಲೆಕ್ಕಪರಿಶೋಧಕರಿಗೆ ಒಂದಿಷ್ಟು ಶುಲ್ಕ ಕೊಟ್ಟು ಕೇಳುವುದು ಅಗ್ಗ. ಪುಕ್ಕಟೆ ಸಲಹೆಯ ಬೆಲೆಯನ್ನು ನಾವು ಕೊನೆಯಲ್ಲಿ ಕೊಡುತ್ತೇವೆ, ಬಡ್ಡಿಸಮೇತ.

ಸಲಹೆ ಕೊಡುವ ನಮಗೂ ಒಂದು ಮಾತಿದೆ. ನಿವೃತ್ತರಾದ ನನ್ನಂಥವರ ಮನೆಗೆ ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಬರುತ್ತಾರೆ, ಕೇಳುತ್ತಾರೆ. 'ನನಗೆ ಗೊತ್ತಿಲ್ಲ' ಎಂದು ಹೇಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಬೆಳೆಯುವುದಿಲ್ಲ. ತರಗತಿಯಲ್ಲಿ ಹಾಗೆಂದರೆ ಮರ್ಯಾದೆ ಹೋಗುತ್ತದೆಂಬ ಭಯ. ಆ ಭಯವನ್ನು ನಿವೃತ್ತಿಯ ದಿನವೇ ಹಾರ ತುರಾಯಿಗಳೊಡನೆ ಶಾಲೆಯಲ್ಲಿಯೇ ಬಿಟ್ಟುಬರಬೇಕಿತ್ತು. ನಮ್ಮ ಮಾತಿಗೆ ನಮ್ಮ ತಿಳಿವಳಿಕೆಗಿಂತ ಹೆಚ್ಚಿನ ತೂಕವಿದೆ. ಅದು ಗೌರವದಿಂದ ಬಂದ ತೂಕ. ತಕ್ಕಡಿಯ ಆ ತಟ್ಟೆಯಲ್ಲಿ ಕಲ್ಲಿಡುವ ಮುನ್ನ ಇನ್ನೊಂದು ತಟ್ಟೆಯಲ್ಲಿ ಯಾರ ಉಳಿತಾಯವಿದೆ ಎಂದು ನೋಡಬೇಕು.

ಇನ್ನು ಆ ಭಾನುವಾರದ ಮಾತು. ನಾನು ಆ ಹುಡುಗಿಗೆ ಸಲಹೆ ಕೊಡಲಿಲ್ಲ. ಅವಳ ತಂದೆಯ ಎದುರಿನಲ್ಲಿಯೇ 1997ರ ಕತೆಯನ್ನೆಲ್ಲ ಹೇಳಿದೆ. ಅಂಗಡಿ ಮುಚ್ಚಿದ ಕತೆ ಅವಳಿಗೆ ಗೊತ್ತಿತ್ತು. ಯಾರ ಮಾತಿನಿಂದ ಎಂಬುದನ್ನು ಮಾತ್ರ ಅವಳ ತಂದೆ ಇಷ್ಟು ವರ್ಷ ಮನೆಯಲ್ಲಿ ಹೇಳಿರಲಿಲ್ಲ. ಶಿಷ್ಯ ತಲೆ ತಗ್ಗಿಸಿ, "ಬಿಡಿ ಸಾರ್, ಹಳೆಯದು" ಎಂದ. ಬಿಡುವುದು ಅವನ ದೊಡ್ಡತನ. ಹೇಳುವುದು ನನ್ನ ಸಾಲ. ಇಪ್ಪತ್ತೇಳು ವರ್ಷಗಳಿಂದ ತೀರಿಸದೆ ಉಳಿದ ಉದ್ದರಿ ಅದು.

ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. ಮೂರು ಅಂಗಡಿಗಳಿಗೆ ಹತ್ತು ಹತ್ತರಂತೆ ರಾಗಿ ಬಿಸ್ಕತ್ತಿನ ಪೊಟ್ಟಣಗಳನ್ನು ಕೊಟ್ಟು, ಹದಿನೈದು ದಿನಗಳಲ್ಲಿ ಎಲ್ಲಿ ಎಷ್ಟು ಮಾರಾಟವಾಯಿತು, ಎಷ್ಟು ಪುಡಿಯಾಗಿ ವಾಪಸು ಬಂತು ಎಂದು ಬರೆದಿದ್ದಳು. ಮೂವತ್ತರಲ್ಲಿ ಮಾರಾಟವಾದದ್ದು ಹತ್ತೊಂಬತ್ತು. "ಇನ್ನೂ ಲಾಭ ಬಂದಿಲ್ಲ ಸಾರ್. ಪೊಟ್ಟಣ ಸಣ್ಣದು ಮಾಡಿ ಮತ್ತೆ ನೋಡ್ತೀನಿ" ಎಂದಳು. ಅವಳ ಸ್ನೇಹಿತೆಯೊಬ್ಬಳು ನಾಲ್ಕು ಲಕ್ಷದ ಯಂತ್ರ ತರಿಸೆಂದು ಹೇಳುತ್ತಿದ್ದಾಳಂತೆ. ಹತ್ತೊಂಬತ್ತು ಇಪ್ಪತ್ತೇಳಾಗುವವರೆಗೆ ಮನೆಯ ಭಟ್ಟಿಯೇ ಸಾಕೆಂದು ಅವಳ ಲೆಕ್ಕ.

ಹೊರಡುವ ಮುನ್ನ ಅವಳು ಮೆಲ್ಲಗೆ, "ಸಾರ್, ಒಂದು ಮಾತು ಕೇಳಲಾ? ನೀವು ಯಾವತ್ತಾದರೂ ಏನಾದರೂ ಮಾರಿದ್ದೀರಾ?" ಎಂದಳು.

ಶಿಷ್ಯನ ಮುಖ ಕೆಂಪಾಯಿತು. "ಮೇಷ್ಟ್ರ ಹತ್ತಿರ ಹಾಗೆಲ್ಲ ಕೇಳಬಾರದಮ್ಮಾ" ಎಂದು ಗದರಿದ.

"ಕೇಳಲಿ ಬಿಡಯ್ಯಾ" ಎಂದೆ. ನಂತರ ಅವಳಿಗೆ ಉತ್ತರ ಹೇಳಿದೆ: "ಇಲ್ಲಮ್ಮಾ. ಒಂದು ಬನ್ನನ್ನೂ ಮಾರಿಲ್ಲ."